ಕೆಂಪು ಕೂದಲಿನ ನರ್ಸಮ್ಮ

ಮಹಾರಾಜರ ಕಾಲದಲ್ಲಿ ನಮ್ಮ ಕೊರಟಗೆರೆ ಆಸ್ಪತ್ರೆಯಲ್ಲಿದ್ದ ನರ್ಸಮ್ಮ ಐರ್ಲೆಂಡ್ ದೇಶದವರು. ಕೂದಲು ತಾಮ್ರದ ಹಾಗೆ ಕೆಂಪು. ಸಿಟ್ಟು ಬಂದರೆ ಸೊಂಟದ ಮೇಲೆ ಎರಡೂ ಕೈಯಿಟ್ಟು, "ಯಾರು ಹೇಳಿದ್ದು ಹಂಗಂತ?" ಎನ್ನುತ್ತಿದ್ದರು. ಬಾಣಂತಿಗೆ ನೀರು ಕೊಡಬಾರದೆನ್ನುವ ಅತ್ತೆಯರಿಗೂ, ಕೂಸಿನ ಹೊಟ್ಟೆಗೆ ಬರೆ ಹಾಕಿಸುವ ಅಜ್ಜಿಯರಿಗೂ ಅದೇ ಪ್ರಶ್ನೆ.

ನನ್ನ ಸೋದರಮಾವ ಹೊಸ ಮನೆ ಕಟ್ಟಿಸಿದಾಗ, ಗಂಡ ಸತ್ತು ಅಣ್ಣನ ಆಸರೆಯಲ್ಲಿದ್ದ ನನ್ನಮ್ಮ ವರ್ಷವಿಡೀ ಗೋಡೆಯ ಮಣ್ಣು ತುಳಿದಿದ್ದಳು. ಗೃಹಪ್ರವೇಶದ ದಿನ ಮಾತ್ರ, ವಿಧವೆ ಎದುರಿಗೆ ಬರಬಾರದೆಂದು ಮಾವ ಅವಳನ್ನು ಕೊಟ್ಟಿಗೆಯಲ್ಲಿ ಕೂರಿಸಿದ. ಹಸು ಹೊಸಿಲು ದಾಟಿತು, ಹಾಲು ಉಕ್ಕಿತು. ಆಗ ನರ್ಸಮ್ಮ ತಮ್ಮ ದೇಶದ ಪದ್ಧತಿಯಂತೆ ಹೊಸ ಮನೆಗೆಂದು ಉಪ್ಪು, ರೊಟ್ಟಿ ಹಿಡಿದು ಬಂದರು.

"ಬನ್ನಿ ತಾಯಿ, ನೀವು ಕಾಲಿಟ್ರೆ ನಮ್ಗೆ ಅದೃಷ್ಟ," ಎಂದ ಮಾವ.

"ನಿಮ್ ತಂಗಿ ಎಲ್ಲಿ?"

"ಅವ್ಳು ಇವತ್ತು ಬರಬಾರ್ದು ಕಣಮ್ಮ."

"ಯಾರು ಹೇಳಿದ್ದು ಹಂಗಂತ?" ನರ್ಸಮ್ಮನ ಮುಖ ಕೆಂಡವಾಯಿತು. "ಕೆಂಪು ಕೂದ್ಲಿನ ಹೆಂಗ್ಸು ಹೊಸ ಮನೆಗೆ ಮೊದ್ಲು ಕಾಲಿಟ್ರೆ ಕೇಡು ಅಂತಾರೆ ನಮ್ಮೂರಲ್ಲಿ. ನಮ್ಮಣ್ಣ ನನ್ನ ಬಾಗ್ಲಲ್ಲೇ ನಿಲ್ಸಿದ್ದ. ಅಲ್ಲಿ ಅನಿಷ್ಟ ಆದೋಳು ಇಲ್ಲಿ ಅದೃಷ್ಟ ಹೆಂಗಾದೆ?"

ನರ್ಸಮ್ಮ ಒಳಗೆ ಹೋಗಲೇ ಇಲ್ಲ. ನೇರವಾಗಿ ಕೊಟ್ಟಿಗೆಗೆ ನಡೆದು, ತಂದದ್ದನ್ನೆಲ್ಲ ಅಮ್ಮನ ಮಡಿಲಿಗೆ ಹಾಕಿದರು. ಬಾಗಿಲಲ್ಲಿ ನಿಂತಿದ್ದ ನಾನೂ ಅವರ ಹಿಂದೆಯೇ ಓಡಿದೆ.

"ಆಸ್ಪತ್ರೇಲಿ ಆಯಾ ಕೆಲ್ಸ ಐತೆ. ಇರೋಕೆ ಕೋಣೇನೂ ಐತೆ. ಬರ್ತೀಯಾ?"

ಅಮ್ಮ ನನ್ನ ಕೈ ಹಿಡಿದು ಎದ್ದಳು.

"ಉಂಡ್ಕೊಂಡಾದ್ರೂ ಹೋಗೇ, ಜನ ಏನಂದಾರು!" ಎಂದು ಮಾವ ಕೂಗಿದ.

ಎಂದೂ ಅಣ್ಣನಿಗೆ ಎದುರಾಡದ ಅಮ್ಮ ತಿರುಗಿ ನಿಂತಳು.

"ಆ ಗೋಡೆ ಮಣ್ಣಾಗೆ ನನ್ ಬೆವರೈತಣ್ಣ. ಅದೂ ಅಪಶಕುನವೇ. ಕೆಡವಿಬುಡು."