ಅಮಾತೆಪ್ಪನ ಸೀಮೆಸುಣ್ಣದ ಮರ

ಹುನಗುಂದದ ನಮ್ಮ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅಮಾತೆಪ್ಪನೇ ಸರ್ವಾಧಿಕಾರಿ. ಅಲ್ಲಿನ ಗೋಡೆಯ ಮೇಲೆ ಅವನು ಸೀಮೆಸುಣ್ಣದಿಂದ ಒಂದು ಮರ ಬರೆದಿದ್ದಾನೆ: ಬೊಡ್ಡೆಯೆಂದರೆ ತಾಲೂಕು, ಟೊಂಗೆಗಳೆಂದರೆ ಕಪಾಟು, ಎಲೆಗಳೆಂದರೆ ಹಳ್ಳಿಗಳ ಫೈಲು. ಯಾರಾದರೂ ಫೈಲು ಕೇಳಿದರೆ ಮೊದಲು ಬೊಡ್ಡೆಗೆ ಕೈಮುಗಿದು, ಆಮೇಲೆ ಬೆರಳಿನಿಂದ ಮರ ಹತ್ತುತ್ತಾನೆ. ಮನಸ್ಸು ಬಂದಾಗ ಧೋತರದ ಚುಂಗಿನಿಂದ ಒಂದು ಟೊಂಗೆಯನ್ನು ಒರೆಸಿ ಇನ್ನೊಂದು ಕಡೆ ಬರೆದು, ಫೈಲುಗಳನ್ನೂ ಹಾಗೇ ಬದಲಿಸಿಡುತ್ತಾನೆ. ಮರುದಿನ ಗುಮಾಸ್ತರೆಲ್ಲ ದಿಕ್ಕುಗೆಟ್ಟು ಕಪಾಟಿನಿಂದ ಕಪಾಟಿಗೆ ಅಲೆಯುತ್ತಾರೆ. ಕೋರ್ಟು ಹತ್ತಿದ ಅಣ್ಣತಮ್ಮಂದಿರ ಫೈಲುಗಳನ್ನು ಅವನು ಒಂದೇ ಕಪಾಟಿನಲ್ಲಿ ಇಡುವವನಲ್ಲ. "ಬಾಜೂಕ ಇಟ್ರ ರಾತ್ರಿಯೆಲ್ಲಾ ಬಡದಾಡ್ತಾವ್ರಿ" ಎನ್ನುತ್ತಾನೆ. ಹೆಣ್ಣು ಕೊಟ್ಟು ತಂದ ಹಳ್ಳಿಗಳನ್ನು ಮಾತ್ರ ಒತ್ತೊತ್ತಾಗಿ ಕೂಡಿಸುತ್ತಾನೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ಹಳ್ಳಿಗಳ ಫೈಲುಗಳಿಗೆ ಈಗ ದಿನವೂ ಬೇಡಿಕೆ. ಅವನ್ನೇ ಒಯ್ದು ಎಲ್ಲಕ್ಕೂ ಮೇಲಿನ ಹಲಗೆಯಲ್ಲಿ, ಏಣಿಯಿಲ್ಲದೆ ಎಟುಕದಂತೆ ಇಟ್ಟಿದ್ದಾನೆ. ಗುಮಾಸ್ತರ ದೂರು ಕೇಳಿ ಕೇಳಿ ಬೇಸತ್ತ ಸಾಹೇಬರು ಒಮ್ಮೆ ತಾವೇ ಬಂದು ರೇಗಿದರು: "ಹುನಗುಂದಕ್ಕ ನೀರು ಬರೂದಿಲ್ಲೋ ಅಮಾತೆಪ್ಪಾ, ಕೆಳಗಿಡು!" ಅಮಾತೆಪ್ಪ ಮೇಲಿನ ಹಲಗೆಯನ್ನೇ ನೋಡುತ್ತ ಹೇಳಿದ: "ಗೊತ್ತೈತ್ರಿ ಸಾಹೇಬ್ರ. ಆದ್ರ ನಮ್ಮೂರೂ ಅದರಾಗ ಐತ್ರಿ."