ಕಡೆಯ ಜಾಗದಲ್ಲಿ ಕೂತ ಅಕ್ಕ

ನನ್ನ ಬಾಯಿಯಿಂದಾಗಿ ಅಕ್ಕನ ಫಾರ್ಸಿ ಕಲಿಕೆ ನಿಂತಿತು ಎಂದು ಸದಲಗಾದ ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರಾದರೂ ಆವತ್ತು ಅಲ್ಲಿದ್ದರೇ? ಇರಲಿಲ್ಲ. ನಾನಿದ್ದೆ.

ಎಂಬತ್ತರ ದಶಕದ ಕೊನೆ. ನಾನು ಚಿಕ್ಕೋಡಿ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಲಿ. ದೊಡ್ಡಪ್ಪನ ಮಗಳಾದ ಅಕ್ಕನಿಗೆ ಬಿ.ಎ.ಗೆ ಫಾರ್ಸಿ ಭಾಷೆ ತೆಗೆದುಕೊಳ್ಳುವ ಹಟ. ಎಮ್ಮೆ ಹಿಂಡುವಾಗಲೂ ಅದನ್ನೇ ಗುಣುಗುತ್ತಿದ್ದಳು. ಕಲಿಸುವವರು ನಿಪ್ಪಾಣಿಯ ನಿವೃತ್ತ ಉರ್ದು ಮಾಸ್ತರರು. "ಒಬ್ಬಾಕಿನ್ನ ಬಸ್ ಹತ್ತಸಾಂಗಿಲ್ಲ" ಎಂದರು ದೊಡ್ಡಪ್ಪ. ಹಾಗಾಗಿ ರವಿವಾರ ಕಾವಲಿಗೆ ನಾನು.

ಮಾಸ್ತರರದು ವಿಚಿತ್ರ ಪದ್ಧತಿ. ಚಾಪೆಯ ಮೇಲೆ ಸಾಲಾಗಿ ಕೂತು, ಒಬ್ಬೊಬ್ಬರು ಒಂದೊಂದು ತುಣುಕು ಹೇಳಿ ಎಲ್ಲರೂ ಸೇರಿ ಒಂದು ವಾಕ್ಯ ಮುಗಿಸಬೇಕು. ಮೊದಲಿಗೆ ಒಬ್ಬ ತಂಬಾಕು ವ್ಯಾಪಾರಿ. ಅವರ ಕೆಲಸ 'ಮನ್', ಅಂದರೆ 'ನಾನು', ಎನ್ನುವುದು. ನಡುವೆ ನಾನು: 'ಅಜ್ ಬಾಜಾರ್ ಅಂಗೂರ್', ಬಜಾರದಿಂದ ದ್ರಾಕ್ಷಿ. ಕಡೆಗೆ ಅಕ್ಕ: 'ಖರೀದಮ್', ಕೊಂಡೆ. ಕನ್ನಡದ ಹಾಗೆಯೇ ಕ್ರಿಯಾಪದ ಕೊನೆಗೆ. ಅಲ್ಲಿಯವರೆಗೆ ದ್ರಾಕ್ಷಿ ಕೊಂಡರೋ ಬಿಟ್ಟರೋ ಯಾರಿಗೂ ತಿಳಿಯದು. ನಡುವೆ ಬಾಯಿ ಹಾಕುವಂತಿಲ್ಲ.

ಬಾಯಿ ಹಾಕದಿದ್ದರೆ ನಾನೆಂಥ ಚರ್ಚಾಪಟು?

"ಸರ್, 'ಖರೀದಮ್' ಅಂದ್ರ 'ನಾನು ಕೊಂಡೆ' ಅಂತ ಅದರಾಗs ಬಂತಲ್ರಿ. ಮತ್ತ ಮೊದಲಿನ 'ಮನ್' ಎದಕ್ಕ?"

ವ್ಯಾಪಾರಿ ಕೆರಳಿದರು. "ಹಾಂಗಾದ್ರ ನಾ ಎದಕ್ಕ ಬಂದೇನಿ? ಮನೀಗೆ ಹೋಗ್ಲೇನು?"

"ವ್ಯಾಕರಣದ ಪ್ರಕಾರ ಹೋಗಬಹುದ್ರಿ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾಸ್ತರರು ನಗಲಿಲ್ಲ. ಅವರು ಹಿಂದಿನ ವಾರವೇ ಎಚ್ಚರಿಸಿದ್ದರು. ಈಗ ನನಗೆ ನೇರವಾಗಿ ಹೇಳಿದರು: "ವಕೀಲಸಾಹೇಬ್ರ, ನಡುವಿನ ಜಾಗಾ ಖಾಲಿ ಮಾಡ್ರಿ. ಇನ್ನ ಬರಬ್ಯಾಡ್ರಿ."

ಇಲ್ಲಿಗೆ ಮನೆಯವರ ಕಥೆ ಮುಗಿಯುತ್ತದೆ. ನಡೆದದ್ದು ಮುಗಿಯಲಿಲ್ಲ. ಮಾಸ್ತರರು ಅಕ್ಕನ ಕಡೆ ತಿರುಗಿದರು. "ತಂಗಿ, ನೀ ಬಿಡಬ್ಯಾಡ. ನಮ್ಮ ಮನಿಯವರ ತವರು ಸದಲಗಾನs ಐತಿ. ಶನಿವಾರ ಅಲ್ಲಿಗೆ ಹೋಗಿರ್ತಾರ, ರವಿವಾರ ನಿನ್ನ ಕರಕೊಂಡು ಬರ್ತಾರ. ನಿಮ್ಮಪ್ಪಗ ನಾ ಹೇಳ್ತೇನಿ." ಆಮೇಲೆ ನಡುವಿನ ಜಾಗದಲ್ಲಿ ತಾವೇ ಕೂತರು.

ವ್ಯಾಪಾರಿ ಗಂಟಲು ಸರಿಮಾಡಿಕೊಂಡು ಜೋರಾಗಿ ಎಂದರು: "ಮನ್."

ಮಾಸ್ತರರು: "ಯಕ್ಶಂಬಾ ಈಂಜಾ." ರವಿವಾರ ಇಲ್ಲಿಗೆ.

ಇನ್ನು ಅಕ್ಕ 'ಮೀಆಯಮ್', ಬರುತ್ತೇನೆ, ಎಂದರೆ ಮುಗಿಯಿತು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ನಾನೂ ತಡೆದು ನಿಂತೆ. ಅಕ್ಕ ಚಾಪೆಯ ಅಂಚು ಮಡಚಿದಳು, ಬಿಚ್ಚಿದಳು.

"ನಮೀಆಯಮ್." ಬರುವುದಿಲ್ಲ.

ಉಚ್ಚಾರ ಒಂದಿಷ್ಟೂ ತಪ್ಪಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು, "ಲೇ ತಮ್ಮಾ, ಮನ್ಯಾಗ ಏನ್ ಹೇಳಲಿ?" ಎಂದಳು. "ನಂದs ತಪ್ಪು ಅಂತ ಹೇಳು" ಎಂದೆ. ಅಲ್ಲಿಂದ ಹುಟ್ಟಿದ್ದು ಮನೆಯವರ ಕಥೆ. ನನ್ನ ವಾದ ಇಷ್ಟೇ: ನಾನಿಲ್ಲದೆಯೂ ಬರುವ ದಾರಿ ತೆರೆದಿತ್ತು, ಕಡೆಯ ಮಾತು ಅಕ್ಕನ ಬಾಯಲ್ಲಿತ್ತು.

ಅಕ್ಕಾ, ಎಮ್ಮೆ ಹಿಂಡುವಾಗ ಈಗಲೂ ಫಾರ್ಸಿ ಗುಣುಗುತ್ತೀ. ಮತ್ತೆ ಆವತ್ತು ಇಲ್ಲ ಅಂದದ್ದು ನನ್ನ ಸಲುವಾಗಿಯೇನು?