ಹೊಟ್ಟೆಹುಣ್ಣಿನವರ ಪುಟ್ಟ ಪಾತ್ರೆ

ತಕ್ಕಡಿ ರಿಪೇರಿ ಮಾಡುವವರನ್ನು ಬೀದಿಯವರೆಲ್ಲ ತಕ್ಕಡಿ ಮಾಮ ಎಂದೇ ಕರೆಯುತ್ತಾರೆ. ಅಂಗಡಿ ಎಂದರೆ ಬೀದಿಯಿಂದ ಎರಡು ಮೆಟ್ಟಿಲು ಕೆಳಗಿಳಿದರೆ ಸಿಗುವ ಒಂದು ಕೋಣೆ. ಗೋಡೆಯ ತುಂಬ ಕೊಂಡಿಗೆ ನೇತುಹಾಕಿದ ತಟ್ಟೆಗಳು, ಗಾಜಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟ ಹಿತ್ತಾಳೆಯ ತೂಕಗಳು. ಯಾವ ತಕ್ಕಡಿ ಬಂದರೂ ಮೊದಲು ಆ ತೂಕ ಇಟ್ಟು ನೋಡಬೇಕು, ಆಮೇಲೆ ಮಾತು. ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದ ಈ ಮಹಾನುಭಾವರು ತಮ್ಮ ನಾಲಿಗೆಯನ್ನು ಮಾತ್ರ ಇಪ್ಪತ್ತಮೂರು ವರ್ಷ ಕಣ್ಣು ಮುಚ್ಚಿಕೊಂಡು ನಂಬಿದ್ದರು. ಇದನ್ನು ಈಗ ಅವರೇ ಹೇಳಿಕೊಂಡು ತಿರುಗುತ್ತಾರೆ. ಇಲ್ಲಿ ಅವರಿಗೆ ಬಿದ್ದಿರುವ ಬೈಗುಳವೆಲ್ಲ ಅವರ ಬಾಯಿಂದಲೇ ಬಂದದ್ದು.

ವರ್ಷಕ್ಕೊಮ್ಮೆ ಬರುವ ಉಪವಾಸದ ದಿನಗಳಲ್ಲಿ ಅವರ ಪ್ರಾರ್ಥನೆ ಮನೆಯ ಮಂದಿ ಮಾಂಸ, ಮೊಟ್ಟೆ, ಹಾಲು, ಮೊಸರು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಕೊನೆಯ ದಿನವಂತೂ ಮಧ್ಯಾಹ್ನದ ಪ್ರಾರ್ಥನೆ ಮುಗಿಯುವವರೆಗೆ ಹನಿ ನೀರೂ ಇಲ್ಲ. ಅದಾದ ಮೇಲೆ ಪ್ರಾರ್ಥನೆ ಮನೆಯ ಹಿಂದಿನ ಉದ್ದ ಕೋಣೆಯಲ್ಲಿ ಮೂವತ್ತು ಜನ ಒಟ್ಟಿಗೆ ಕೂತು ಖಾರದ ಕಾಳಿನ ಅನ್ನ ತಿನ್ನುತ್ತಾರೆ. ಕೆಂಪು ಬೀನ್ಸ್ ಕಾಳು, ಅಕ್ಕಿ, ಈರುಳ್ಳಿ, ಟೊಮೆಟೊ, ಎಣ್ಣೆ, ಜೊತೆಗೆ ಮೂಗು ಕಣ್ಣು ಎರಡರಲ್ಲೂ ನೀರಿಳಿಸುವಷ್ಟು ಒಣಮೆಣಸಿನಕಾಯಿ. ಇಪ್ಪತ್ತಮೂರು ವರ್ಷದಿಂದ ಆ ಪಾತ್ರೆ ಒಲೆಗಿಡುವವಳು ಮಾಮನ ಹೆಂಡತಿ. ಮನೆಯಲ್ಲಿ ಅವಳ ಮಾತು ಎಷ್ಟು ನಡೆಯುತ್ತದೋ ಏನೋ, ಆ ದಿನ ಆ ಕೋಣೆಯಲ್ಲಿ ಮಾತ್ರ ಅವಳೇ ರಾಣಿ.

ಉಳಿದವರೆಲ್ಲ ಹಾ ಹೂ ಎಂದು ಬಾಯಿಗೆ ಗಾಳಿ ಹಾಕಿಕೊಂಡು ತಿನ್ನುವಾಗ ಮಾಮ ತುಟಿಪಿಟಿಕ್ಕೆನ್ನದೆ ತಟ್ಟೆ ಖಾಲಿ ಮಾಡುತ್ತಿದ್ದರು. ಅವರ ತಟ್ಟೆಯನ್ನು ಹೆಂಡತಿ ಒಳಗಿಂದಲೇ ಬಡಿಸಿಕೊಂಡು, ಮೇಲೊಂದು ಇಡೀ ಒಣಮೆಣಸಿನಕಾಯಿ ಇಟ್ಟು ತರುತ್ತಿದ್ದಳು. ಗಂಡನೆಂಬ ಮರ್ಯಾದೆ ಎಂದು ಇವರು ತಿಳಿದಿದ್ದರು. ಆ ಮೆಣಸಿನಕಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಮೀಸೆ ಒರೆಸಿಕೊಂಡು, "ಇದೆಲ್ಲ ಒಂದು ಖಾರಾನಾ?" ಎನ್ನುವುದು ಪ್ರತಿ ವರ್ಷದ ಡೈಲಾಗು. ಹೆಂಡತಿ ಖಾರವಿಲ್ಲದ ಅನ್ನವನ್ನು ಬೇರೆ ಪುಟ್ಟ ಪಾತ್ರೆಯಲ್ಲಿ ಮಾಡಿಕೊಂಡು ಒಯ್ಯುವುದನ್ನು ಅವರು ಕಂಡಿದ್ದರು. ಯಾರಿಗೆಂದು ಕೇಳಿದ್ದಕ್ಕೆ, "ಹೊಟ್ಟೆಹುಣ್ಣಿನವರು ಒಬ್ಬರಿದ್ದಾರೆ, ಪಾಪ" ಎಂದಿದ್ದಳು. ಅಂದಿನಿಂದ ಆ ಹೊಟ್ಟೆಹುಣ್ಣಿನವರನ್ನು ಮಾಮ ಆಡಿಕೊಳ್ಳದ ವರ್ಷವಿಲ್ಲ.

ಈ ವರ್ಷ ಉಪವಾಸ ಮುಗಿಯಲು ಎಂಟು ದಿನವಿದ್ದಾಗ ಹೆಂಡತಿ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆ ಮೆಟ್ಟಿಲ ಕಲ್ಲು ಅಲ್ಲಾಡುತ್ತದೆ ಎಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು, ಇವರು ನಾಳೆ ಮಾಡ್ತೀನಿ ಎನ್ನುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಣ್ಣಿಗೆ ಅಲ್ಲಾಡುವ ಕಲ್ಲು ಕಾಣಲಿಲ್ಲ.

ಪ್ಲಾಸ್ಟರ್ ಒಣಗುವ ಮೊದಲೇ ಓರಗಿತ್ತಿ ಹಣ್ಣು ಹಿಡಿದುಕೊಂಡು ಬಂದಳು. "ಅಕ್ಕ, ಈ ಸಲ ನೀವು ಆರಾಮಾಗಿ ಕೂತ್ಕೊಳ್ಳಿ. ಪಾತ್ರೆ ನಮ್ಮನೇಲೇ ಒಲೆಗೇರಲಿ."

ಅವಳು ಹೋದ ಮೇಲೆ ಹೆಂಡತಿಯ ಮುಖ ಸಣ್ಣಗಾಯಿತು. "ಒಂದು ವರ್ಷ ಅವಳ ಒಲೆ ಹತ್ತಿದ್ರೆ ಮುಗೀತು ರೀ. ಮುಂದಿನ ವರ್ಷದಿಂದ ನನ್ನನ್ನ ಈರುಳ್ಳಿ ಸುಲಿಯೋಕೆ ಕರೀತಾರೆ."

ಅಷ್ಟು ವರ್ಷದಲ್ಲಿ ಅವಳು ತನಗೆಂದು ಇಟ್ಟುಕೊಂಡಿದ್ದು ಆ ಒಂದು ಪಾತ್ರೆ. ಮಾಮ ಎದ್ದು ಅಂಗಿಯ ತೋಳು ಮಡಚಿದರು. "ಕೈ ಮುರಿದಿರೋದು ನಿಂದು, ನಂದಲ್ಲವಲ್ಲ. ನೀನು ಕೂತು ಹೇಳು, ನಾನು ಮಾಡ್ತೀನಿ. ಇಷ್ಟು ವರ್ಷ ತಿಂದಿದ್ದೀನಿ, ನಿನ್ನ ರುಚಿ ನನಗೆ ಗೊತ್ತಿಲ್ವಾ?"

ಹೆಂಡತಿ ಒಮ್ಮೆ ಮೆಣಸಿನಕಾಯಿ ಡಬ್ಬಿಯನ್ನು, ಒಮ್ಮೆ ಗಂಡನ ಮುಖವನ್ನು ನೋಡಿದಳು.

ಕೊನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಸ್ಟೂಲಿನ ಮೇಲೆ, ಇವರು ಒಲೆಯ ಮುಂದೆ. ರಾತ್ರಿ ನೆನೆಸಿದ ಕಾಳು ಬೆಂದಿತ್ತು.

"ಮೆಣಸಿನಕಾಯಿ ಎರಡು ಹಿಡಿ."

"ಹಿಡಿ ಅಂದ್ರೆ ಎಷ್ಟು ಗ್ರಾಂ?"

"ನನ್ನ ಹಿಡಿ ಕಣ್ರೀ. ಅದಕ್ಕೇನು ಗ್ರಾಮು!"

ಮಾಮ ಬಿಡುವವರಲ್ಲ. ಅಂಗಡಿಗೆ ಹೋಗಿ ತಕ್ಕಡಿ ತಂದರು. ಅವಳ ಎಡಗೈಯಿಂದ ಎರಡು ಹಿಡಿ ಹಾಕಿಸಿ ತೂಗಿ ಚೀಟಿಯಲ್ಲಿ ಬರೆದುಕೊಂಡರು. ಎಡಗೈ ಹಿಡಿ ಚಿಕ್ಕದು, ಇನ್ನೊಂದು ಐದು ಕಾಯಿ ಸೇರಿಸಿ ಎಂದಳು. ಚೀಟಿಯಲ್ಲಿ ಇಲ್ಲದ್ದನ್ನು ಸೇರಿಸುವುದಿಲ್ಲ ಎಂದು ಇವರು ಹಟ ಹಿಡಿದರು.

"ಆಯ್ತು ಮಹಾರಾಯರೇ. ಖಾರ ಬೀಳೋ ಮುಂಚೆ ಆ ಪುಟ್ಟ ಪಾತ್ರೆಗೆ ಎರಡು ಸೌಟು ಕಾಳು ತೆಗೀರಿ."

"ಯಾರಿಗೆ, ಆ ಹೊಟ್ಟೆಹುಣ್ಣಿನವರಿಗಾ? ಇನ್ನೂ ವಾಸಿಯಾಗಿಲ್ವಾ ಆ ಪುಣ್ಯಾತ್ಮನಿಗೆ? ಈ ವರ್ಷ ಅವರೂ ಗಂಡಸರ ಥರ ತಿನ್ನಲಿ ಬಿಡು!"

ಹೀಗೆಂದು ಮೆಣಸಿನಕಾಯಿ ರುಬ್ಬಿದರು, ರುಬ್ಬಿದ ಕೈಯಲ್ಲೇ ಕಣ್ಣುಜ್ಜಿಕೊಂಡರು, ಅಯ್ಯಯ್ಯೋ ಎಂದು ಹಿತ್ತಲ ನಲ್ಲಿಗೆ ಓಡಿದರು. ಕಣ್ಣು ತೊಳೆದು ಬಂದು ಮಸಾಲೆ ಸುರಿದರು, ಅಕ್ಕಿ ಹಾಕಿದರು. ಉಪವಾಸವಾದ್ದರಿಂದ ರುಚಿ ನೋಡುವಂತಿರಲಿಲ್ಲ. ಹೆಂಡತಿ ಪಾತ್ರೆಯ ಮೇಲೆ ಬಗ್ಗಿ ವಾಸನೆ ನೋಡಿ, "ಸಾಕು, ಇಳಿಸಿ" ಎಂದಳು. ಪಾತ್ರೆಯನ್ನು ಮಾಮ ಮತ್ತು ಅವರ ತಮ್ಮ ಹೊತ್ತರು. ಹೆಂಡತಿ ಒಂದು ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡಳು. ಮಾತ್ರೆಗಳಿರಬೇಕು ಎಂದುಕೊಂಡರು ಮಾಮ.

ಪ್ರಾರ್ಥನೆ ಮುಗಿಯಿತು. ಈ ಸಲ ತಟ್ಟೆ ತರಲು ಹೆಂಡತಿಗೆ ಕೈಯಿಲ್ಲ. ಅವಳು "ರೀ, ಒಂದ್ನಿಮಿಷ" ಎನ್ನುವಷ್ಟರಲ್ಲಿ ಮಾಮ ದೊಡ್ಡ ಪಾತ್ರೆಯಿಂದ ತಾವೇ ರಾಶಿ ಬಡಿಸಿಕೊಂಡು ಬಂದು ಕೂತು, ದೊಡ್ಡ ತುತ್ತು ಬಾಯಿಗಿಟ್ಟರು.

ಮೊದಲು ನಾಲಿಗೆ ಹೋಯಿತು. ಆಮೇಲೆ ಗಂಟಲು, ಕಿವಿ, ನೆತ್ತಿ. ಬಿಕ್ಕಳಿಕೆ ಶುರುವಾಯಿತು. ನೀರು ಕುಡಿದರೆ ಉರಿ ಇನ್ನೂ ಹರಡಿತು. ಒಂದು ಬಟ್ಟಲು ಮೊಸರಿಗೆ ಅಂಗಡಿಯನ್ನೇ ಬರೆದುಕೊಡುತ್ತಿದ್ದರು, ಆದರೆ ಆ ಕೋಣೆಯಲ್ಲಿ ಮೊಸರೆಂಬ ಮಾತೂ ಎತ್ತುವಂತಿಲ್ಲ. ಕೆಟ್ಟೆ, ಕೆಡಿಸಿಬಿಟ್ಟೆ ಎಂದು ಅವರ ಜೀವ ಬಾಯಿಗೆ ಬಂತು. ಎದುರಿಗೆ ಓರಗಿತ್ತಿ ತುತ್ತೆತ್ತುತ್ತಿದ್ದಳು. ಇನ್ನೊಂದು ಗಳಿಗೆಗೆ ಮೂವತ್ತು ಜನ ಉಗಿಯುತ್ತಾರೆ, ಪಾತ್ರೆ ಕೈತಪ್ಪುತ್ತದೆ. ಜಂಭವೋ ಹೆಂಡತಿಯೋ ಎಂದು ಯೋಚಿಸಲೂ ಆಗದೆ ಎದ್ದು ನಿಂತರು.

"ಎಲ್ಲರೂ ಕೇಳಿ... ಹಿಕ್... ಇದು ಅವಳು ಮಾಡಿದ್ದಲ್ಲ, ನಾನು ಮಾಡಿದ್ದು. ಅವಳು ಸರಿಯಾಗೇ ಹೇಳಿದ್ಲು, ಕೆಡಿಸಿದ್ದು ನಾನು. ಬೈಯೋದಾದ್ರೆ ನನಗೆ ಬೈರಿ. ಪಾತ್ರೆ ಮಾತ್ರ... ಹಿಕ್... ಅವಳ ಹತ್ರಾನೇ ಇರಲಿ."

ಪ್ರಾರ್ಥನೆ ಮನೆಯ ಹಿರಿಯರು ತಟ್ಟೆ ನೋಡಿದರು, ಮಾಮನ ಮುಖ ನೋಡಿದರು. "ಇದಕ್ಕೇನಾಗಿದೆಯಪ್ಪಾ? ಪ್ರತಿ ವರ್ಷದ ಹಾಗೇ ಇದೆಯಲ್ಲ!"

"ಅಕ್ಕನ ಕೈರುಚಿಯೇ ಭಾವ," ಎಂದಳು ಓರಗಿತ್ತಿ. ಅವಳಿಗೂ ಸುಳ್ಳು ಹೇಳಲಾಗಲಿಲ್ಲ. "ಹಾಗೆ ನೋಡಿದ್ರೆ ಖಾರ ಒಂದು ಚೂರು ಕಮ್ಮಿನೇ."

ಮಾಮ ಕಣ್ಣೀರು ಸುರಿಸುತ್ತ ನಿಂತೇ ಇದ್ದರು. ಕಮ್ಮಿಯಂತೆ! ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿಕೊಂಡು, ಚೀಲದಿಂದ ಪುಟ್ಟ ಪಾತ್ರೆಯನ್ನು ತೆಗೆದು, ಯಾರಿಗೂ ಕಾಣದಂತೆ ಮೇಜಿನ ಕೆಳಗಿಂದ ಅವರ ಕಡೆ ಚಾಚುತ್ತಿದ್ದಳು.

"ನೀವು ಕಣ್ಣು ತೊಳೆಯೋಕೆ ಓಡಿದಾಗ ತೆಗೆದಿಟ್ಟು, ಆಮೇಲೆ ಸ್ನಾನಕ್ಕೆ ಹೋದಾಗ ಸಣ್ಣ ಒಲೇಲಿ ಬೇಯಿಸಿದೆ," ಎಂದು ಪಿಸುಗುಟ್ಟಿದಳು. "ಎಡಗೈ ನೋಡಿ, ಅರ್ಧ ಚೆಲ್ಲಿಹೋಯ್ತು."

"ಯಾವಾಗಿಂದ ಇದು?"

"ಮೊದಲನೇ ವರ್ಷ ಒಂದು ತಟ್ಟೆ ತಿಂದು ಮೂರು ದಿನ ಮಲಗಿದ್ರಲ್ಲ, ಅದರ ಮುಂದಿನ ವರ್ಷದಿಂದ."

"ಅದು ಜ್ವರ."

"ಹೂಂ, ಜ್ವರ."

ಮಾಮನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ತಾನು ಆಡಿಕೊಳ್ಳುವಾಗೆಲ್ಲ ಇವಳು ನಗದೆ ಹೇಗೆ ಇದ್ದಳು ಎಂದು ಅವಳ ಮೇಲೆ ಹೊಟ್ಟೆ ತುಂಬ ಪ್ರೀತಿ ಬಂತು. ಪಾತ್ರೆಯನ್ನು ಕೆಳಗಿಂದ ಎತ್ತಿ ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದರು. ಅರ್ಧ ಪಾತ್ರೆ ಅನ್ನ. ಮೇಲೊಂದು ಇಡೀ ಒಣಮೆಣಸಿನಕಾಯಿ.

"ಹೊಟ್ಟೆಹುಣ್ಣಿನವರು ಸಿಕ್ಕಿದ್ರು ನೋಡ್ರಪ್ಪಾ, ಇಲ್ಲೇ ನಿಂತಿದ್ದಾರೆ," ಎಂದು ಎದೆ ಮುಟ್ಟಿಕೊಂಡರು. ಹಿರಿಯರ ಕೈಯ ತುತ್ತು ನಗುವಿನಲ್ಲಿ ತಟ್ಟೆಗೆ ಬಿತ್ತು. ಮಾಮ ಮೆಣಸಿನಕಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಡೈಲಾಗು ಬರಲಿಲ್ಲ, ಬಿಕ್ಕಳಿಕೆ ಬಂತು.

"ಮುಂದಿನ ವರ್ಷ ಈರುಳ್ಳಿ ನಾನು ಸುಲೀತೀನಿ ಅಕ್ಕ," ಎಂದಳು ಓರಗಿತ್ತಿ.

"ಮುಂದಿನ ವರ್ಷದಿಂದ ನನಗೆ ಒಳಗಿಂದ ಬಡಿಸಿಕೊಂಡು ಬರಬೇಡ ಕಣೇ," ಎಂದರು ಮಾಮ. "ಇಲ್ಲೇ, ಎಲ್ಲರ ಮುಂದೆ ಬಡಿಸು."

"ಆಗಲಿ. ಮೊದಲು ಆ ಮೆಟ್ಟಿಲು ಸರಿಮಾಡಿ," ಎಂದಳು ಹೆಂಡತಿ.

ಮರುದಿನ ಅಂಗಡಿಯ ಬಾಗಿಲು ತೆಗೆದದ್ದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಮಾಮ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಸಿಮೆಂಟು ಮೆತ್ತುತ್ತಿದ್ದರು.